ಗೊಂಬೆಮನೆಯ ಹಾಲಿನ ಕಪಾಟು

ನಾನು ಬದುಕಿನಲ್ಲಿ ಕದ್ದದ್ದು ಒಂದೇ ಸಲ, ಅದೂ ಒಂದು ಗೊಂಬೆಯ ಅಡುಗೆಮನೆಗಾಗಿ. ಸಣ್ಣ ಕಳ್ಳತನವೆಂದು ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಈಗ ವಯಸ್ಸಾಗಿದೆ, ಸುಳ್ಳು ಸಮಾಧಾನಗಳು ನಿಲ್ಲುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯಲ್ಲಿ ಶೇಂಗಾ ಮೂಟೆಗಳ ತೂಕ ನೋಡುವುದು ನನ್ನ ಕೆಲಸ. ಯಂತ್ರದ ಬಿಡಿಭಾಗ ತುಂಬಿಕೊಂಡು ಬಂದಿದ್ದ ಒಂದು ಮರದ ಪೆಟ್ಟಿಗೆಯನ್ನು ಕೇಳಿ ಮನೆಗೆ ತಂದೆ. ನಡುವೆ ಹಲಗೆ ಬಡಿದು, ಎಂಟು ವರ್ಷದ ಮಗಳ ಗೊಂಬೆಗೆ ಎರಡಂತಸ್ತಿನ ಮನೆ ಮಾಡಿಕೊಟ್ಟೆ. ನಾವೇ ಒಂದೂವರೆ ಕೋಣೆಯಲ್ಲಿದ್ದೆವು. ಮಗಳು ಮಹಡಿಯ ಕಡೆ ಕಣ್ಣೆತ್ತಿಯೂ ನೋಡದೆ ನೇರ ಅಡುಗೆಮನೆಗೆ ಬೆರಳು ತೂರಿಸಿದಳು.

"ಕಪಾಟು ಎಲ್ಲೈತಪ್ಪ?"

ಬೆಂಕಿಪೊಟ್ಟಣಗಳನ್ನು ಅಂಟಿಸಿ ತೋರಿಸಿದೆ. "ಅಡುಗೆಮನ್ಯಾಗೆ ಬೆಂಕಿ ಬೀಳ್ತೈತೆ" ಎಂದು ತಳ್ಳಿದಳು. ಬಿಸ್ಕತ್ತಿನ ರಟ್ಟು ಕತ್ತರಿಸಿ ಬಾಗಿಲು ಮಾಡಿದೆ. "ಗಾಳಿ ಆಡಲ್ಲ, ಹಾಲು ಕೆಡ್ತೈತೆ" ಎಂದಳು. ಅಜ್ಜಿಮನೆಯಲ್ಲಿ ಹಾಲು ಮೊಸರು ಇಡುವ ಜಾಲರಿ ಬಾಗಿಲಿನ ಕಪಾಟು ಇತ್ತಲ್ಲ, ಬೆಕ್ಕು ಹೊರಗಿನಿಂದಲೇ ಮೂಸಿ ಮೂಸಿ ಹೋಗುತ್ತಿದ್ದದ್ದು, ಅಂಥದ್ದೇ ಆಗಬೇಕಂತೆ.

ಹೆಂಡತಿ ಒಲೆಯ ಮುಂದಿನಿಂದಲೇ ಒಗ್ಗರಣೆ ಹಾಕಿದಳು: "ನಾನು ಒಂದು ಮೊಳೆ ಹೊಡ್ಕೊಡ್ರಿ ಅಂದಿದ್ದು ಹೋದ ಉಗಾದಿಗೆ. ನಾನೂ ಗೊಂಬೆ ಆಗಿ ಹುಟ್ಟಬೇಕಿತ್ತು."

ಆ ಬೇಸಿಗೆಯಲ್ಲಿ ಅವಳ ತವರಿಗೆ, ಮೊಳಕಾಲ್ಮುರಿಗೆ ಹೋದೆವು. ಅವಳ ಅಣ್ಣ, ಎಂದರೆ ನನ್ನ ಭಾವ, ರೇಷ್ಮೆ ಸೀರೆ ನೇಯುವವರು. ಸೀರೆಯ ಅಂಚಿನಲ್ಲಿ ಹೂವೋ ಹಕ್ಕಿಯೋ ಮೂಡಬೇಕಾದರೆ ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ಸರದಂತೆ ಕಟ್ಟಿ ಮಗ್ಗದ ಮೇಲೆ ಏರಿಸುತ್ತಾರೆ. ಒಂದೊಂದು ಪಟ್ಟಿಯೂ ಚಿತ್ತಾರದ ಒಂದೊಂದು ಗೆರೆ. ಇದು ನನಗೆ ಗೊತ್ತಿರಲಿಲ್ಲ ಎಂದರೆ ನಂಬಬೇಡಿ, ಗೊತ್ತಿತ್ತು.

ಮೂಲೆಯ ತೊಲೆಗೆ ಅಂಥ ಒಂದು ಹಳೆಯ ಸರ ನೇತಾಡುತ್ತಿತ್ತು. ಪಟ್ಟಿಗಳ ಮೇಲಿನ ಅಂಕಿಗಳು ಅಳಿಸಿಹೋಗಿದ್ದವು, ಜೇಡ ಬಲೆ ಕಟ್ಟಿತ್ತು. ನನ್ನ ಕಣ್ಣಿಗೆ ಕಂಡದ್ದು ಜಾಲರಿ ಮಾತ್ರ. ಸಾಲು ಸಾಲು ತೂತು, ಗಟ್ಟಿ ರಟ್ಟು, ಗೊಂಬೆಯ ಹಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ನನ್ನ ಊಟ ಮುಗಿದು ಉಳಿದವರೆಲ್ಲ ಊಟಕ್ಕೆ ಕೂತಾಗ ದಾರ ಕತ್ತರಿಸಿದೆ. ತುದಿಯಿಂದ ತೆಗೆದರೆ ತಿಳಿದೀತೆಂದು ನಡುವಿನಿಂದ ತೆಗೆದೆ. ಮೊದಲು ಎರಡೇ ಎಂದುಕೊಂಡೆ. ಬಾಗಿಲು ಬಳುಕಬಾರದೆಂದು ಎರಡೆರಡು ಪದರ ಬೇಕಾಯಿತು, ಮೇಲಿನ ಕಪಾಟಿಗೆ ಜೋಡಿಯಾಗಿ ಕೆಳಗೊಂದು ಬೇಕಾಯಿತು. ಕೊನೆಗೆ ಒಂದು ಹಿಡಿಯಷ್ಟಾಯಿತು. ಉಳಿದ ಸರವನ್ನು ಮೊದಲಿನಂತೆಯೇ ಬಿಗಿದು ಕಟ್ಟಿದೆ. ಗಂಟು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನನಗೇ ಹೆಮ್ಮೆಯಾಯಿತು.

ಚಳ್ಳಕೆರೆಗೆ ಬಂದು ಪಟ್ಟಿಗಳನ್ನು ಬಾಗಿಲಿನ ಅಳತೆಗೆ ಕತ್ತರಿಸಿ, ಹುಣಸೆಬೀಜದ ಗಂಜಿ ಕಾಸಿ ಅಂಟಿಸಿದೆ. ಮಗಳು ಮೂಗು ಹತ್ತಿರ ತಂದು ಪರೀಕ್ಷಿಸಿ, "ಗಾಳಿ ಆಡ್ತೈತೆ" ಎಂದು ಒಪ್ಪಿಗೆ ಕೊಟ್ಟಳು.

ವರ್ಷಗಳು ಕಳೆದವು. ಮಗಳಿಗೆ ಮದುವೆ ಗೊತ್ತಾಯಿತು. ಭಾವ ಆ ಸುದ್ದಿ ಕೇಳಿ, "ಸೀರೆ ನಂದು. ನಮ್ಮಪ್ಪನ ನವಿಲು ಹಾಕ್ತೀನಿ. ಅವ್ರು ಹೋದ್ಮೇಲೆ ಮಗ್ಗಕ್ಕೆ ಏರಿಸೇ ಇಲ್ಲ. ಈ ಹುಡುಗಿಗೇ ಅಂತ ಇಟ್ಟಿದ್ದೆ" ಎಂದರು. ನಾನು ತಲೆಯಾಡಿಸಿದೆ. ಯಾವ ನವಿಲು, ಯಾವ ತೊಲೆ ಎಂದು ಕೇಳಲಿಲ್ಲ.

ನೇಯ್ಗೆ ಶುರುವಾದ ಮೇಲೆ ನೋಡಲು ಹೋದೆ. ಮಗ್ಗದ ಮುಂದೆ ಮನೆಯವರೆಲ್ಲ ಸೇರಿದ್ದರು. ಮಾತಿನಲ್ಲಿ ಅರ್ಧ ತೆಲುಗು ಬೆರೆಸುವ ನನ್ನ ಅತ್ತೆ ಅಂಚಿಗೆ ಬೆರಳು ತಾಗಿಸಿ, "ಇದಿ ನೆಮಲಿ ಕಾದುರಾ, ಕೋಡಿ!" ಎಂದರು. ನವಿಲಲ್ಲ, ಕೋಳಿ. ನಿಜವೇ. ಕಿರೀಟವಿತ್ತು, ಬಾಲವಿತ್ತು, ಕತ್ತು ಮಾತ್ರ ಇರಲಿಲ್ಲ. ಭುಜದ ಮೇಲೆ ನೇರ ತಲೆ. ಸಾಲಾಗಿ ಕೋಳಿಗಳು ಮದುವೆಗೆ ಹೊರಟಂತಿತ್ತು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದೇ ನನ್ನ ಎರಡನೆಯ ತಪ್ಪು.

ಭಾವ ನಗಲಿಲ್ಲ. ಸರವನ್ನು ಕೊನೆಯಿಂದ ಕೊನೆಗೆ ಸವರಿ ನೋಡಿದರು. ಎಲ್ಲೂ ಹರಿದಿರಲಿಲ್ಲ. ಗಂಟು ನನ್ನದಲ್ಲವೇ! "ರಟ್ಟು ಸರಿಯಾಗೈತೆ. ನನ್ನ ಕಣ್ಣೇ ಹೋಗೈತೆ" ಎಂದರು.

ಕಣ್ಣು ತೋರಿಸಲು ಚಳ್ಳಕೆರೆಗೆ ಬಂದರು. ಕೈ ಹಿಡಿದು ರಸ್ತೆ ದಾಟಿಸಿ ಡಾಕ್ಟರ ಹತ್ತಿರ ಕರೆದೊಯ್ದವನು ನಾನೇ. ದಿನವಿಡೀ ಇನ್ನೊಬ್ಬರ ತೂಕದ ಮೋಸ ಹಿಡಿಯುವ ನನಗೆ ಬಾಯಿ ಬರಲಿಲ್ಲ. ಆ ಮನೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದ ಅಳಿಯ. ಎಲ್ಲರಿಗಿಂತ ಮೊದಲು ಎಲೆ ಹಾಕಿಸಿಕೊಳ್ಳುವವನು. ಭಾವ ಹೊಸ ಕನ್ನಡಕ ಹಾಕಿಕೊಂಡು ಊರಿಗೆ ಹೋದರು. ವಾರದ ಮೇಲೆ ಫೋನಿನಲ್ಲಿ ಹೇಳಿದರು: "ಈಗ ಕೋಳಿ ಇನ್ನೂ ಸ್ಪಷ್ಟ ಕಾಣ್ತೈತ್ರೀ." ನಕ್ಕರು. ಆಮೇಲೆ ದನಿ ತಗ್ಗಿಸಿ, "ಸೀರೆ ಬೇರೆಯವ್ರ ಹತ್ರ ನೇಯ್ಸಿ ಕೊಡ್ತೀನಿ. ನನ್ನ ಕೈ ಮೇಲೆ ನನಗೇ ನಂಬಿಕಿಲ್ಲ. ಮಗ್ಗ ಬಿಚ್ಚಿಬಿಡ್ತೀನಿ" ಎಂದರು.

ಮರುದಿನ ಅಟ್ಟದಿಂದ ಗೊಂಬೆಮನೆ ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಬಗ್ಗಿ ನೋಡಿ, "ಯಜಮಾನ್ರೇ, ಮಹಡಿ ಮನೆಗೆ ಎರಡು ಟಿಕೆಟ್ ಆಗ್ತೈತೆ" ಎಂದ. ಬಸ್ಸಿಡೀ ನಕ್ಕಿತು. ಪರವಾಗಿಲ್ಲ, ನಗಲಿ ಎನಿಸಿತು.

ಭಾವನ ಮುಂದೆ ಮನೆ ಇಟ್ಟು, ಅಡುಗೆಮನೆ ತೋರಿಸಿದೆ. ಅವರು ಕನ್ನಡಕ ತೆಗೆದರು. ಬೆರಳ ತುದಿಯಿಂದ ಕಪಾಟಿನ ಬಾಗಿಲು ತೆರೆದರು, ಮುಚ್ಚಿದರು, ತೂತುಗಳ ಮೇಲೆ ಉಗುರು ಆಡಿಸಿದರು.

"ಲೇ," ಎಂದರು. ಅಷ್ಟು ವರ್ಷದಲ್ಲಿ ನನ್ನನ್ನು ಲೇ ಎಂದದ್ದು ಅದೇ ಮೊದಲು. "ನಮ್ಮಪ್ಪನ ನವಿಲಿನ ಕತ್ತು ನಿನ್ನ ಗೊಂಬೆಮನ್ಯಾಗೆ ಹಾಲು ಕಾಯ್ತಾ ಕೂತೈತಲ್ಲೋ!"

ಬೈಯುತ್ತಾರೆಂದು ಕಾದೆ. ಅವರು ಕನ್ನಡಕವನ್ನು ಗೊಂಬೆಮನೆಯ ಮಹಡಿಯಲ್ಲಿಟ್ಟು, ತಮ್ಮ ಅಂಗೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು, ಎಲ್ಲೋ ಕಳೆದುಹೋಗಿ ಈಗ ಸಿಕ್ಕವೇನೋ ಎಂಬಂತೆ. ಆ ನೋಟ ನನ್ನನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚುತ್ತಿರಲಿಲ್ಲ.

ಬಾಗಿಲುಗಳನ್ನು ನೀರಲ್ಲಿ ನೆನೆಸಿ ಬಿಡಿಸಿ, ಕತ್ತಿನ ಗೆರೆ ನೋಡಿ ತುಂಡು ಜೋಡಿಸಿ, ಅದೇ ತೂತುಗಳನ್ನು ಹೊಸ ರಟ್ಟಿಗೆ ಹೊಡೆಸಿದರು. ಸರ ಕಟ್ಟಲು ನಾನು ಕೈ ಹಾಕಿದರೆ, "ನೀನು ಮುಟ್ಟಬ್ಯಾಡ. ನಿನ್ನ ಗಂಟು ಬಲು ಚೆಂದ" ಎಂದರು. ಒಣಗಿದ ಬಾಗಿಲುಗಳನ್ನು ಕಪಾಟಿಗೆ ಮತ್ತೆ ಅಂಟಿಸುವ ಕೆಲಸ ಮಾತ್ರ ನನಗೆ ಬಿಟ್ಟರು.

ಆಗಲೇ ನೇಯ್ದಿದ್ದ ಮೊಳದಷ್ಟನ್ನು ಅವರು ತೆಗೆಯಲಿಲ್ಲ. ಅದು ಉಟ್ಟಾಗ ಸೊಂಟದ ಒಳಗೆ ಸೇರುವ ಕಡೆ. ಮದುವೆಯ ದಿನ ಬಂದವರೆಲ್ಲ ಅಂಚಿನ ನವಿಲುಗಳನ್ನು ಮುಟ್ಟಿ ಮುಟ್ಟಿ ಹೊಗಳಿದರು. ಒಳಗೆ ಸಿಕ್ಕಿಸಿಕೊಂಡ ಕೋಳಿಗಳ ವಿಷಯ ನಮ್ಮ ಮನೆಯವರಿಗಷ್ಟೇ ಗೊತ್ತು. ಧಾರೆ ಎರೆಯುವ ಹೊತ್ತಿಗೆ ನನ್ನ ಕಣ್ಣು ತುಂಬಿ ಬಂದಿತ್ತು. ಹಿಂದೆ ನಿಂತಿದ್ದ ಭಾವ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, "ಕೊಕ್ಕೊಕ್ಕೋ" ಎಂದರು.

ಮಗಳನ್ನು ಒಪ್ಪಿಸಿಕೊಡುತ್ತಾ ಗಟ್ಟಿಯಾಗಿ ನಕ್ಕ ತಂದೆ ನಾನೊಬ್ಬನೇ ಇರಬೇಕು. ಬೀಗರು ಏನೆಂದುಕೊಂಡರೋ, ಇವತ್ತಿಗೂ ಕೇಳಿಲ್ಲ.