ಕಾಕೂ ಮೌನ ಮುರಿದ ಮಧ್ಯಾಹ್ನ

ಕಾಕೂನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಗಿತ್ತು. ಯಾವಾಗಲೋ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಜಜ್ಜಿಹೋದದ್ದು ಮತ್ತೆ ನೆಟ್ಟಗೆ ಬೆಳೆದಿರಲಿಲ್ಲ. ಆ ಹೆಬ್ಬೆರಳನ್ನೇ ಮೊಬೈಲಿನ ಮೈಕಿನ ಗುರುತಿನ ಮೇಲೆ ರೊಟ್ಟಿಯ ಹಿಟ್ಟು ನಾದುವಷ್ಟು ಬಲದಿಂದ ಒತ್ತಿ ಹಿಡಿದು ಅವರು ನಮ್ಮ ವಸ್ತಿಯ ವಾಟ್ಸಾಪ್ ಗುಂಪಿಗೆ ಸುದ್ದಿ ಹೇಳುತ್ತಿದ್ದರು. ಟೈಪ್ ಮಾಡಲು ಬರುತ್ತಿರಲಿಲ್ಲ. ಪ್ರತಿ ಸಲವೂ ಕೊನೆಗೆ ಒಂದೇ ಮಾತು: “ನಾ ಕಂಡದ್ದು ಇಷ್ಟ.”

ಜುಗೂಳದಿಂದಾಚೆ, ಕೃಷ್ಣೆಯ ದಂಡೆಗೆ ಸಮೀಪ, ಕಬ್ಬಿನ ನಡುವೆ ನಮ್ಮದು ಏಳು ಮನೆಗಳ ತೋಟದ ವಸ್ತಿ. ಕಾಕೂ ನಮಗೆ ನೆಂಟರಲ್ಲ. ಅವರು ಜೈನರು, ನಾವು ಬೇರೆ. ಆದರೆ ಏಳೂ ಮನೆಯವರಿಗೆ ಅವರು ಕಾಕೂನೇ, ಅಂದರೆ ಚಿಕ್ಕಮ್ಮನೇ. ಮೆಟ್ಟಿಲಿರುವ ಮಾಳಿಗೆ ಇದ್ದದ್ದು ಅವರ ಮನೆಗೆ ಮಾತ್ರ. ಅಲ್ಲಿಂದ ಹೊಳೆ, ಕಾಲುವೆ, ಡಾಂಬರು ಹಾದಿ ಎಲ್ಲ ಕಾಣುತ್ತಿದ್ದವು. ಮಳೆಗಾಲದಲ್ಲಿ ಹೊಳೆ ಏರುತ್ತದೆ, ಬೇಸಿಗೆಯಲ್ಲಿ ಕಬ್ಬಿಗೆ ಬೆಂಕಿ ಬೀಳುತ್ತದೆ. ಗಂಟು ಕಟ್ಟುವುದು, ಬಿಚ್ಚುವುದು, ಇಷ್ಟರಲ್ಲೇ ನಮ್ಮ ವರ್ಷ ಸವೆಯುತ್ತದೆ. ನಾನು ದಿನಚರಿ ಬರೆಯುವವಳು. ಹಳೆಯ ಪುಟಗಳನ್ನು ತಿರುವಿದರೆ ಹೊಳೆ ಬಂದ ದಿನ, ಹೊಗೆ ಕಂಡ ದಿನ, ಇವೇ ಹೆಚ್ಚು.

ಯಾರು ಯಾವ ಸುದ್ದಿ ತಂದರೂ ಕಾಕೂ ಮೊದಲು ಕೇಳುತ್ತಿದ್ದದ್ದು, “ನೀ ಕಂಡಿಯೇನ?” ಒಮ್ಮೆ ಕಾಲುವೆಗೆ ನೀರು ಬಿಟ್ಟಿದ್ದಾರೆಂದು ಹೇಳಲು ನಾನು ಬಿಸಿಲಲ್ಲಿ ಓಡಿ ಹೋಗಿದ್ದೆ.

“ನೀ ಕಂಡಿಯೇನ ಬೇ?”

“ಇಲ್ರಿ ಕಾಕೂ, ಮಂದಿ ಅನ್ನಾಕತ್ತಾರ.”

“ಹಂಗಾರ ಆ ಮಂದೀನ ಕಳಸು. ನೀ ಯಾಕ ಬಿಸಲಾಗ ಬಂದಿ?” ಎಂದು ನಕ್ಕು, ನಲ್ಲಿಗೆ ಕಟ್ಟಿದ ತೆಳು ಬಟ್ಟೆಯಲ್ಲಿ ಸೋಸಿದ ನೀರು ಕೊಟ್ಟಿದ್ದರು.

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಸೋಗೆಗೆ ನಾವು ರವದಿ ಅನ್ನುತ್ತೇವೆ. ಅದನ್ನು ಸುಟ್ಟುಬಿಟ್ಟರೆ ಕೆಲಸ ಹಗುರ, ಹೆಚ್ಚಿನವರು ಸುಡುತ್ತಾರೆ. ಕಾಕೂ ಮಾತ್ರ ತಮ್ಮ ಹೊಲದ ರವದಿಗೆ ಎಂದೂ ಕಡ್ಡಿ ಗೀರಲಿಲ್ಲ. ಅದರೊಳಗೆ ಹುಳ, ಇರುವೆ, ಹಾವಿನ ಮರಿ ಇರುತ್ತವೆ ಅನ್ನುತ್ತಿದ್ದರು. ಹೊಲದ ತುಂಬ ಹಾಗೇ ಬಿದ್ದಿರುತ್ತಿತ್ತು.

ನಾನು ಹೇಳಹೊರಟಿರುವ ಬೆಂಕಿಗೆ ಮುಂಚಿನ ದೀಪಾವಳಿಯಿಂದ ಅವರು ಪ್ರತಿ ಚತುರ್ದಶಿಗೆ ಮೌನ ಹಿಡಿದಿದ್ದರು. ಉಪವಾಸದ ಜೊತೆಗೆ ಸೂರ್ಯ ಮುಳುಗುವವರೆಗೆ ಮಾತಿಲ್ಲ. ಮೊಬೈಲು ಬಂದ್ ಆಗಿ ಡಬ್ಬಿಯೊಳಗೆ ಕೂರುತ್ತಿತ್ತು. “ತಿಂಗಳಾಗ ಎರಡ ದಿನರ ನಾಲಿಗಿಗೆ ಸೂಟಿ ಬ್ಯಾಡೇನ?” ಅಂದಿದ್ದರು. ನಮಗದು ಇನ್ನೂ ರೂಢಿಯಾಗಿರಲಿಲ್ಲ.

ಎರಡು ಹಂಗಾಮಿನ ಹಿಂದೆ, ಹೋಳಿ ಹುಣ್ಣಿಮೆಯ ಮುನ್ನಾದಿನ. ಅಪ್ಪ ಕಬ್ಬಿನ ಟ್ರ್ಯಾಕ್ಟರಿನೊಂದಿಗೆ ಫ್ಯಾಕ್ಟರಿಯ ಸಾಲಿನಲ್ಲಿದ್ದ. ಮನೆಯಲ್ಲಿ ಅವ್ವ, ನಾನು, ಹೆರಿಗೆಗೆ ಬಂದಿದ್ದ ಅಕ್ಕ, ಅವಳ ಹಸುಗೂಸು. ಬಾಣಂತಿಯ ಕೋಣೆಯಲ್ಲಿ ಶೆಗಡಿಯ ಕೆಂಡಕ್ಕೆ ಲೋಬಾನ ಹಾಕುತ್ತಿದ್ದುದರಿಂದ ಮನೆ ಹೇಗೂ ಹೊಗೆ ವಾಸನೆಯಲ್ಲಿತ್ತು. ಮಧ್ಯಾಹ್ನ ಕೂಸಿನ ಬಟ್ಟೆಗಳ ಮೇಲೆ ಕರಿ ಎಳೆಗಳು ಬಿದ್ದಾಗ ಅವ್ವ ಫ್ಯಾಕ್ಟರಿಯ ಬೂದಿ ಎಂದು ಬೈದು, ಮತ್ತೆ ಒಗೆದು ಹರವತೊಡಗಿದಳು.

ಗುಂಪಿನಲ್ಲಿ ಆಗಲೇ ಗದ್ದಲ. ಯಾರೋ ಎಲ್ಲಿಯದೋ ಬೆಂಕಿಯ ವಿಡಿಯೋ ಹಾಕಿದ್ದರು. ಉಗಾರದ ಕಡೆ ಎಂದು ಒಬ್ಬರು, ಆರಿಸಿದ್ದಾರಂತೆ ಎಂದು ಇನ್ನೊಬ್ಬರು. ನಾನು ಒಂದೊಂದನ್ನೂ ಓದಿ ಹೇಳಿದೆ.

“ಕಾಕೂ ಏನಂದಾರ?” ಅವ್ವ ಕೇಳಿದಳು.

“ಏನೂ ಅಂದಿಲ್ಲ.”

“ಮತ್ತ? ಏನರ ಇದ್ದಿದ್ರ ಅವರು ಅಂತಿದ್ದಿಲ್ಲೇನ? ಸುಮ್ನ ಕುಂದರು.”

ಏಳೂ ಮನೆಯವರು ಅಂದುಕೊಂಡದ್ದು ಇದನ್ನೇ. ಗೋಡೆಯ ಕ್ಯಾಲೆಂಡರಿನಲ್ಲಿ ಚತುರ್ದಶಿ ಎಂದಿತ್ತು, ಯಾರೂ ನೋಡಲಿಲ್ಲ.

ಕಾಕೂನ ಮಗ, ಸೊಸೆ ಮದುವೆಗೆಂದು ಅಥಣಿಗೆ ಹೋಗಿದ್ದರು. ಹೊಗೆ ಕಂಡಾಗ, ಗುಂಪಿನಲ್ಲಿ ಸುದ್ದಿ ಆಗಿರುತ್ತದೆ, ಜನ ಎದ್ದಿರುತ್ತಾರೆ ಎಂದೇ ಕಾಕೂ ತಿಳಿದಿದ್ದರಂತೆ. ಆದರೂ ಮನಸ್ಸು ತಡೆಯದೆ ನೋಯುವ ಮಂಡಿ ಹಿಡಿದುಕೊಂಡು ಮಾಳಿಗೆ ಹತ್ತಿದ್ದಾರೆ. ಬೆಂಕಿ ಕಾಲುವೆ ದಾಟುತ್ತಿತ್ತು. ಈಚೆ ನಮ್ಮ ಅಂಗಳದಲ್ಲಿ ಅವ್ವ ಬಟ್ಟೆ ಒಣಹಾಕುತ್ತಿದ್ದಳು. “ನಾ ಕೈ ಬೀಸಿದ್ರ ನಿಮ್ಮವ್ವನೂ ನಕ್ಕೋತ ಕೈ ಬೀಸಿದ್ಲು ಬೇ!” ಎಂದು ಅವರು ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಇಳಿದು, ಡಬ್ಬಿಯಿಂದ ಮೊಬೈಲು ತೆಗೆದು, ಮತ್ತೆ ಹತ್ತಿದರು. ಗುಂಪಿಗೆ ಅವರ ದನಿ ಬಂತು, ಏದುಸಿರಿನೊಂದಿಗೆ: “ನಾ ಕಾಕೂ. ಬೆಂಕಿ ಕಾಲುವಿ ದಾಟೈತಿ. ಗಾಳಿ ನಮ್ಮ ಕಡೀನ ಐತಿ. ದನ ಬಿಚ್ರಿ, ಮಕ್ಕಳನ ಕರಕೊಂಡ ಏಳ್ರಿ. ನಾ ಕಂಡದ್ದು ಇಷ್ಟ.”

ಅವ್ವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಆದರೂ ಅವಳ ಮೊದಲ ಮಾತು, “ಬಾಣಂತಿ ಗಾಳಿಗೆ ಹೋಗೂದು ಹೆಂಗ?”

ಅಕ್ಕ ಕಿವಿಗೆ ಬಟ್ಟೆ ಬಿಗಿಯುತ್ತ ಎದ್ದಳು. “ಗಾಳಿಕಿಂತ ಬೆಂಕಿ ಛಲೋ ಏನ ಅವ್ವಾ? ಕೂಸಿನ ಕೊಡ.”

ನಾವು ಡಾಂಬರು ಹಾದಿಯತ್ತ ಹೊರಟಿದ್ದೆವು. ಎರಡನೆಯ ಸುದ್ದಿ ಬಂತು: “ಹಾದೀಗೆ ಹೋಗಬ್ಯಾಡ್ರಿ. ಎರಡೂ ಕಡೆ ಕಬ್ಬ ಐತಿ, ಒಂದ ಕಡೆ ಹತ್ತೈತಿ. ನೇಗಿಲ ಹೊಡದ ಹೊಲದಾಗ ಹಾದ ಹೊಳೀಗೆ ನಡೀರಿ.” ತಿರುಗಿದೆವು. ಹೆಂಟೆಗಳ ಮೇಲೆ ಅಕ್ಕನ ಕಾಲು ಹೊರಳುತ್ತಿತ್ತು. ಹಿಂದಿನಿಂದ ಕಬ್ಬು ಸಿಡಿಯುವ ಸದ್ದು. ನನ್ನ ಕೈಯ ಮೊಬೈಲಿನಲ್ಲಿ ಒಂದರ ಹಿಂದೊಂದು ಕಾಕೂನ ದನಿ, ಪ್ರತಿ ಸಲವೂ ಮೊದಲಿಗಿಂತ ಒಡೆದದ್ದು. ಯಾರ ಬಣವೆ ಹೋಯಿತು, ಯಾವ ಮನೆಯವರು ಇನ್ನೂ ಅಂಗಳದಲ್ಲಿದ್ದಾರೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ. “ಕಾಕೂ, ನೀವ ಇಳೀರಿ” ಎಂದು ನಾನು ಹೇಳಿ ಕಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಬಂದದ್ದು: “ಏಳೂ ಮನಿಯವರು ಹೊಂಟದ್ದು ಕಂಡೀನಿ. ಬೆಂಕಿ ನನ್ನ ರವದಿಗೆ ಬಂತ. ಇನ್ನ ನಾ ಇಳೀತೀನಿ.” ಆಮೇಲೆ ಏನೂ ಇಲ್ಲ.

ಹೊಳೆಯ ದಂಡೆ ಮುಟ್ಟಿದೆವು. ಎಲ್ಲರೂ ಬಂದ ದಿಕ್ಕನ್ನೇ ನೋಡುತ್ತ ಕೂತಿದ್ದೆವು. ಕರಿ ಹೊಗೆಯ ಹಿಂದೆ ಸೂರ್ಯ ಮುಳುಗಿದ ಮೇಲೆ, ನೇಗಿಲು ಹೊಡೆದ ಹೊಲದಲ್ಲಿ ಒಂದು ಸೀರೆ ನಿಧಾನವಾಗಿ ಬರುವುದು ಕಂಡಿತು. ಮುಖದ ತುಂಬ ಮಸಿ. ಮಂಡಿ ಮಡಚಲಾಗದೆ ಮರಳಿನ ಮೇಲೆ ಕುಸಿದು ಕೂತರು.

ಅಕ್ಕ ನೀರಿನ ಬಾಟಲಿ ಹಿಡಿದಳು. ಕಾಕೂ ಪಡುವಣದತ್ತ ನೋಡಿ ತಲೆ ಅಲ್ಲಾಡಿಸಿದರು. ಹೊತ್ತು ಮುಳುಗಿದ ಮೇಲೆ ಅವರು ನೀರನ್ನೂ ಮುಟ್ಟುತ್ತಿರಲಿಲ್ಲ.

“ಬಾಯಿ ಒಣಗೇತಿ, ಒಂದ ಗುಟಕ ಕುಡೀರಿ ಕಾಕೂ,” ಅವ್ವ ಅತ್ತಳು. “ಮೌನನ ಬಿಟ್ರಿ, ಇದೇನ?”

“ಅದ ನಿಮ್ಮ ಸಲುವಾಗಿ ಬಿಟ್ಟೆ. ನೀರ ನನ್ನ ಸಲುವಾಗಿ ಆಗತೈತಿ,” ಅಂದರು. ನಂತರ ನನ್ನತ್ತ ತಿರುಗಿ, “ಎಲ್ಲಾರೂ ಬಂದಾರ?”

“ಬಂದಾರಂತ್ರಿ.”

“ನೀ ಕಂಡಿಯೇನ?”

ನಾನು ಎದ್ದು ಮುಖ ಮುಖ ನೋಡುತ್ತ ಎಣಿಸಿ ಬಂದೆ. “ಇಪ್ಪತ್ತೊಂಬತ್ತ ಮಂದಿ ಅದಾರ್ರಿ.”

“ಕೂಸಿನ ಹಿಡದ?”

“ಕೂಸಿನ ಹಿಡದ.”

ಆಗ ಅವರು ಕಣ್ಣು ಮುಚ್ಚಿ ಕೈ ಜೋಡಿಸಿದರು.

ಬೆಂಕಿ ಆರಿಸುವ ಬಂಡಿ ಬಂದು, ಉತ್ತ ಹೊಲಗಳೂ ಅಡ್ಡವಾಗಿ, ವಸ್ತಿಯ ಗೋಡೆಗಳು ಉಳಿದವು. ನಮ್ಮ ದನಗಳ ಮೇವಿನ ಕಣಿಕಿಯ ಬಣವೆ, ನೀರಿನ ಪೈಪು ಎಲ್ಲ ಹೋದವು. ಕಾಕೂನ ರವದಿಯ ಒಂದು ಎಸಳೂ ಉಳಿದಿರಲಿಲ್ಲ. ಮರುದಿನ ಅವರು ಬದುವಿನ ಮೇಲೆ ನಿಂತು ಆ ಕರಿ ಹೊಲವನ್ನು ಬಹಳ ಹೊತ್ತು ನೋಡಿದರು. “ಎಷ್ಟ ಜೀವ ಹೋದವೋ,” ಎಂದಷ್ಟೇ ಅಂದರು.

ಆ ತಿಂಗಳು ಅವರು ದಿನಕ್ಕೆ ಒಂದೇ ಊಟ ಮಾಡಿದರು. ಪ್ರಾಯಶ್ಚಿತ್ತವಂತೆ. ನನಗೆ ಸಿಟ್ಟು ಬಂತು. “ಮಾತಾಡಿ ಮಂದೀನ ಉಳಿಸಿದ್ದು ತಪ್ಪೇನ್ರಿ ಕಾಕೂ?”

“ಮಾತಾಡಿದ್ದ ತಪ್ಪಲ್ಲ ಬೇ. ಸುಮ್ನ ಇರತೀನಂತ ಹೇಳದ ಸುಮ್ನ ಇದ್ದೆ ನೋಡು, ಅದ ತಪ್ಪ. ನೀವೆಲ್ಲಾ ನನ್ನ ದಾರಿ ನೋಡಕೋತ ಕುಂತಿದ್ರಿ.”

ಮುಂದೆ ಪ್ರತಿ ತ್ರಯೋದಶಿಯ ಸಂಜೆ ಗುಂಪಿಗೆ ಅವರ ದನಿ ಬರತೊಡಗಿತು: “ನಾಳೆ ನಾ ಮಾತಾಡಂಗಿಲ್ಲ. ಹೊಗಿ ಕಂಡ್ರ ನನ್ನ ದಾರಿ ನೋಡಬ್ಯಾಡ್ರಿ. ನಿಮ್ಮ ನಿಮ್ಮ ಮಾಳಿಗಿ ಹತ್ತಿ ನೀವ ನೋಡ್ರಿ.”

ಕೊನೆಯ ಮನೆಯ ಮಾಮಾ ಛೇಡಿಸಿದ: “ಕಾಕೂ, ನಮ್ಮದು ತಗಡಿನ ಮನಿ. ಮಾಳಿಗಿ ಎಲ್ಲೈತ್ರಿ?”

“ಟ್ರಾಲಿ ಐತಿಲ್ಲ? ಅದರ ಮ್ಯಾಲ ಹತ್ತೋ.”

ಹೊಗೆ ಕುಡಿದ ಎದೆ ಅವರಿಗೆ ಮತ್ತೆ ಸರಿಹೋಗಲಿಲ್ಲ. ಕೆಮ್ಮು ಹಿಡಿದುಕೊಂಡಿತು, ಮೆಟ್ಟಿಲು ಕಷ್ಟವಾಯಿತು. ಹೋದ ಕಾರ್ತಿಕದ ಒಂದು ಚತುರ್ದಶಿಯನ್ನು ಎಂದಿನಂತೆ ಮೌನದಲ್ಲಿ ಕಳೆದವರು, ಮರುದಿನ ಬೆಳಿಗ್ಗೆ ನೀರು ಸೋಸುತ್ತಿದ್ದಲ್ಲೇ ಕುಸಿದರು. ಹಾಗಾಗಿ ಗುಂಪಿನಲ್ಲಿ ಅವರ ಕೊನೆಯ ಮಾತಾಗಿ ಉಳಿದಿರುವುದು ತ್ರಯೋದಶಿಯ ಸಂಜೆಯದೇ. ನಾಳೆ ನಾ ಮಾತಾಡಂಗಿಲ್ಲ.

ಈ ಬೇಸಿಗೆಯಲ್ಲೂ ಯಾರೋ ರವದಿಗೆ ಬೆಂಕಿ ಹಚ್ಚಿದರು. ಹೊಗೆ ಕಂಡೊಡನೆ ನಾನು ಕಾಕೂನ ಮನೆಗೆ ಓಡಿದೆ. ಸೊಸೆ ಬಾಗಿಲು ತೆಗೆದಳು. ಎಂಥ ಕಡಿದಾದ ಮೆಟ್ಟಿಲುಗಳು! ಆ ಮಂಡಿಗಳಲ್ಲಿ ಅವರು ಅಂದು ಎರಡೆರಡು ಸಲ ಹೇಗೆ ಹತ್ತಿದರೋ.

ಮೇಲೆ ನಿಂತು ಮೊದಲು ಹೊಗೆ ನೋಡಿದೆ, ನಂತರ ವಸ್ತಿ. ಮಾಮಾ ಟ್ರಾಲಿಯ ಮೇಲೆ ನಿಂತಿದ್ದ. ಇನ್ನೊಂದು ಮನೆಯ ಹುಡುಗಿಯರು ನಿಚ್ಚಣಿಕೆ ಏರಿದ್ದರು. ನಮ್ಮ ಅಂಗಳದಲ್ಲಿ ಅವ್ವ ನೀರಿನ ತೊಟ್ಟಿಯ ಕಟ್ಟೆ ಹತ್ತಿ, ಹುಬ್ಬಿಗೆ ಕೈ ಅಡ್ಡ ಹಿಡಿದು ಕಾಲುವೆಯತ್ತ ನೋಡುತ್ತಿದ್ದಳು. ನಾನು ಕೈ ಬೀಸಿದೆ. ಅವಳಿಗೆ ಕಾಣಲಿಲ್ಲ.

ಯಾರೂ ನನ್ನ ದಾರಿ ನೋಡುತ್ತಿರಲಿಲ್ಲ.