ಸೋಬಾನ ಪದದಲ್ಲಿ ನೆಗೆಣ್ಣಿ

ಬಸವನ ಬಾಗೇವಾಡಿಯ ನನ್ನ ಸಣ್ಣ ಸ್ಟುಡಿಯೋಕ್ಕೆ ಗೊಳಸಂಗಿಯ ಗಂಗವ್ವ ಒಬ್ಬಳೇ ಬಂದು ಸೋಬಾನ ಪದ ಹಾಡಿದಳು. ದನಿ ತುಂಬಿಕೊಳ್ಳಲೆಂದು ಕಂಪ್ಯೂಟರಿನಲ್ಲಿ ಕೋರಸ್ ಎಫೆಕ್ಟ್ ಹಾಕಿದೆ. ಅದು ಒಂದೇ ದನಿಯನ್ನು ತುಸು ಹಿಂದೆ ಎಳೆದು, ಅಲುಗಿಸಿ, ಹಲವರು ಹಾಡಿದಂತೆ ಕೇಳಿಸುತ್ತದೆ.

ಗಂಗವ್ವ ಹೆಡ್‌ಫೋನ್ ಕಿತ್ತಿಟ್ಟಳು. “ನಮ್ಮ ನೆಗೆಣ್ಣೀನ ಯಾಕ ಕರಿಸಿದ್ಯೋ ತಮ್ಮಾ? ಮೈದುನನ ಹೇಣ್ತಿ ಆದ್ರೂ ಆಕೀಗೂ ನನಗೂ ಮಾತಿಲ್ಲ. ಹಿಂಗ ಹಿಂದ ಎಳದು ಹಾಡಾಕಿ ಆಕೀನ. ಎಲ್ಲಾ ಅಳಿಸಿಬಿಡು.”

“ಯವ್ವಾ, ಯಾರೂ ಬಂದಿಲ್ಲ. ಅದೂ ನಿಂದ ದನಿ.”

ನಂಬಲಿಲ್ಲ. ಎಫೆಕ್ಟ್ ತೆಗೆದು ಮತ್ತೆ ಕೇಳಿಸಿದೆ.

“ಹೋದ್ಲು,” ಎಂದಳು. ಹಾಡು ಉಳಿಯಿತು, ನನಗೆ ಜೀವ ಬಂತು. ಆಕೆ ಮಾತ್ರ ಕೊನೆತನಕ ಕೇಳಿ ನನ್ನ ಕಡೆ ತಿರುಗಿದಳು.

“ಬಾಳ ಬಣಬಣ ಅನಸ್ತೈತಿ. ಆಕೀನ ಕರಿ. ಆದ್ರ ದೂರ ನಿಂದರಸು.”

ಕೋರಸ್ಸನ್ನು ಕೇಳಿಸಿಯೂ ಕೇಳಿಸದಷ್ಟು ಇಟ್ಟೆ. ಆ ಇಬ್ಬರನ್ನು ಇಷ್ಟು ಬೇಗ ರಾಜಿ ಮಾಡಿಸಿದ ಹಿರಿಯರು ಗೊಳಸಂಗಿಯಲ್ಲೂ ಇರಲಿಕ್ಕಿಲ್ಲ.