ಲಾಕಿನ ಮೇಲಿನ ಕುಂಕುಮ

ಕುಂಕುಮ ಒರೆಸಿದ್ದಕ್ಕೆ ನಾನು ಬೈಸಿಕೊಂಡೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಟೈಪ್ ಮಾಡುವುದು ನನಗೆ ನಿಧಾನ, ಒಂದೊಂದೇ ಅಕ್ಷರ ಹುಡುಕಬೇಕು. ಆದರೂ ಇದನ್ನು ಬರೆದೇ ಬಿಡುತ್ತೇನೆ.

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಫಿಟ್ಟರ್. ನಮ್ಮ ಧಣಿಗೆ ವಿಮಾನದ ಹುಚ್ಚು. ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ, ಭತ್ತದ ಗೋದಾಮಿನಲ್ಲಿ ನಾಲ್ಕು ವರ್ಷ ಕೂತು, ಇಬ್ಬರೇ ಕೂರುವ ಒಂದು ಸಣ್ಣ ವಿಮಾನ ಕಟ್ಟಿದೆವು. ಕಟ್ಟಿದೆವು ಅನ್ನುವುದಕ್ಕಿಂತ ಕಟ್ಟಿದೆ ಅನ್ನಬೇಕು. ಧಣಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ನಾನು ಹತ್ತನೇ ತರಗತಿ ಪಾಸಾದದ್ದು ನಲವತ್ತರ ವಯಸ್ಸಿನ ಹತ್ತಿರ. ಇಂಗ್ಲಿಷಿನ ಆ ದಪ್ಪ ಕೈಪಿಡಿಯನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. ಒಂದು ಪುಟಕ್ಕೆ ಒಂದು ಸಂಜೆ ಹಿಡಿಯುತ್ತಿತ್ತು.

ಎಂಜಿನ್ನಿನ ಮೇಲೆ ಒಂದು ಮುಚ್ಚಳ ಬರುತ್ತದೆ, ಕೌಲಿಂಗ್ ಅನ್ನುತ್ತಾರೆ. ಅದನ್ನು ದಿನವೂ ತೆಗೆದು ಹಾಕಬೇಕಾಗುವುದರಿಂದ ಬೋಲ್ಟ್ ಇರುವುದಿಲ್ಲ, ಕಾಲು ಸುತ್ತಿನ ಲಾಕ್ ಇರುತ್ತವೆ. ನಮ್ಮದರಲ್ಲಿ ಇಪ್ಪತ್ತೆರಡು. ಸ್ಕ್ರೂಡ್ರೈವರ್ ಇಟ್ಟು ಒತ್ತಬೇಕು, ಒತ್ತಿಕೊಂಡೇ ಕಾಲು ಸುತ್ತು ತಿರುಗಿಸಬೇಕು. ಒಳಗಿನ ಸ್ಪ್ರಿಂಗ್ ಕಚ್ಚಿಕೊಂಡಾಗ ಟಕ್ ಅನ್ನುವುದು ಅಂಗೈಗೆ ತಿಳಿಯುತ್ತದೆ. ಒತ್ತದೆ ಬರೀ ತಿರುಗಿಸಿದರೆ ಲಾಕಿನ ತಲೆ ಸಡಿಲವಾಗಿ ಎಲ್ಲೋ ತಿರುಗಿ ನಿಲ್ಲುತ್ತದೆ, ಲಾಕ್ ಕಚ್ಚುವುದಿಲ್ಲ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ನಾನು ಹೆಂಡತಿಯ ಕೆಂಪು ನೇಲ್ ಪಾಲಿಶ್ ತಂದು, ಲಾಕ್ ಸರಿಯಾಗಿ ಕಚ್ಚಿದಾಗ ಪ್ರತಿಯೊಂದರ ತಲೆಯಿಂದ ಮುಚ್ಚಳದವರೆಗೆ ಒಂದು ಸಣ್ಣ ಗೆರೆ ಎಳೆದಿದ್ದೆ. ಗೆರೆ ನೇರ ಇದ್ದರೆ ಲಾಕ್ ಬಿದ್ದಿದೆ. ಮುರಿದಿದ್ದರೆ ಇಲ್ಲ. ನಾನೇ ಕಂಡುಕೊಂಡ ಉಪಾಯ ಅಂತ ಹೆಮ್ಮೆಪಟ್ಟಿದ್ದೆ.

ಹೋದ ವರ್ಷ ಪರವಾನಗಿ ಬಂತು. ಸಂಡೂರು ಕಡೆ ಗಣಿಯವರ ರನ್‌ವೇ ಪಕ್ಕ ಒಂದು ಶೆಡ್ ಸಿಕ್ಕಿತು. ಆಯುಧಪೂಜೆ ಅಲ್ಲೇ, ಮರುದಿನ ಬೆಳಗ್ಗೆ ಮೊದಲ ಹಾರಾಟ ಅಂತ ಆಯಿತು. ಹಾರಿಸುವವಳು ಧಣಿಯ ಮಗಳು. ಅವಳೇ ಪೈಲಟ್, ಲೈಸೆನ್ಸ್ ಇದೆ.

ಪೂಜೆಯ ದಿನ ಅಯ್ನೋರು ಎಂಜಿನ್ನಿಗೇ ತೀರ್ಥ ಹಾಕಬೇಕೆಂದರು. ನಾನು ಮುಚ್ಚಳ ಬಿಚ್ಚಿಕೊಟ್ಟು ಊಟದ ಪಂಕ್ತಿಗೆ ಹೋದೆ. ಅದು ನನ್ನ ತಪ್ಪು. ಹೋಳಿಗೆ ಮುಗಿಸಿ ಬರುವಷ್ಟರಲ್ಲಿ ಧಣಿ ಫೋಟೋ ತೆಗೆಸಿಕೊಳ್ಳಲು ಮುಚ್ಚಳ ತಾವೇ ಕೂರಿಸಿ, ಜೇಬಿನಲ್ಲಿದ್ದ ಐದು ರೂಪಾಯಿ ನಾಣ್ಯದಿಂದ ಲಾಕ್‌ಗಳನ್ನೆಲ್ಲ ತಿರುವಿದ್ದರು. ಅವರ ತಾಯಿ ಪ್ರತಿ ಲಾಕಿನ ಮೇಲೂ ದುಂಡಗೆ, ದಪ್ಪಗೆ ಕುಂಕುಮ ಇಟ್ಟಿದ್ದರು. ಇಪ್ಪತ್ತೆರಡು ಬೊಟ್ಟು. ನನ್ನ ಒಂದು ಗೆರೆಯೂ ಕಾಣುತ್ತಿರಲಿಲ್ಲ.

ಒರೆಸಲು ಹೋದೆ. ಆ ಅಜ್ಜಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಪೂಜೆ ಮಾಡಿದ್ದನ್ನು ಅದೇ ದಿನ ಒರೆಸುವುದೇ? ಕೈ ಬರಲಿಲ್ಲ. ನಾಳೆ ನೋಡೋಣ ಅಂದುಕೊಂಡೆ. ಆ ನಾಳೆಗಾಗಿ ನನ್ನ ಮೇಲೆ ನನಗೇ ಸಿಟ್ಟು.

ಮರುದಿನ ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅದರೊಳಗೆ ಏರಬೇಕು. ಪೆಂಡಾಲಿನ ತುಂಬ ನೆಂಟರು. ಮಗಳು ಸೀಟಿನಲ್ಲಿ ಕೂತು ಬೆಲ್ಟ್ ಕಟ್ಟುತ್ತಿದ್ದಳು, ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ನಾನು ಒದ್ದೆ ಬಟ್ಟೆ ಹಿಡಿದು ಬಂದೆ.

"ಏನಲೇ ಅದು ಕೈಯಾಗ?" ಅಂದರು ಧಣಿ.

"ಬೊಟ್ಟು ಒರಸ್ತೀನಿ ಧಣ್ಯಾರ. ಲಾಕ್ ನೋಡ್ಬೇಕು. ಐದ ನಿಮಿಷ ಕೊಡ್ರಿ."

"ಶುಭ ಹೊತ್ತಿನ್ಯಾಗ ಕುಂಕುಮ ಒರಸ್ತೀಯೇನಲೇ? ನಿನ್ನೆ ನಾನ ಹಾಕೀನಿ. ಕಾಲ್ ಸುತ್ತು ತಿರುವಾಕ ಇಂಜಿನೇರ್ ಬೇಕೇನು?"

"ಒತ್ತಿ ತಿರುವಿದ್ರೇನ್ರಿ?"

ಧಣಿ ನೆಂಟರ ಕಡೆ ತಿರುಗಿ ನಕ್ಕರು. "ನೋಡ್ರಪ್ಪಾ, ನಲವತ್ತಕ್ಕ ಹತ್ತನೇತ್ತ ಪಾಸಾದಾತ ನಮಗ ಪಾಠ ಹೇಳಾಕ ನಿಂತಾನ!"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನನ್ನ ಕಿವಿ ಕಾದ ಕಬ್ಬಿಣ ಆಯಿತು. ವಿಮಾನದ ಮೂಗಿನ ಹತ್ತಿರ ಹೋಗಿ ಮುಂದಿನ ಸಾಲಿನ ಮೊದಲ ಬೊಟ್ಟು ಒರೆಸಿದೆ. ಗೆರೆ ಮುರಿದಿತ್ತು. ಎರಡನೆಯದೂ ಹಾಗೇ. ಮೂರನೆಯದರ ತಲೆಯ ಕೆಳಗೆ ಉಗುರು ಹಾಕಿದರೆ ಅದು ಮೇಲೆದ್ದೇ ಬಂತು.

"ಮೂರು ಕಚ್ಚಿಲ್ರಿ," ಅಂದೆ.

"ಮೂರ ತಾನೆ? ಇನ್ನಾ ಹತ್ತೊಂಬತ್ತು ಅದಾವಲ್ಲ!"

ಆಗ ನನ್ನ ದನಿ ನನಗೇ ಗೊತ್ತಿಲ್ಲದಂತೆ ಏರಿತು. "ಆ ಮೂರೂ ಮುಂದಿನ ಸಾಲಿನವ್ರಿ! ಗಾಳಿ ಒಳಗ ನುಗ್ಗೋದ ಅಲ್ಲಿಂದ. ಮುಚ್ಚಳ ಎದ್ದು ಗಾಜಿಗೆ ಬಡದ್ರ ಕುಂತಾಕಿ ಯಾರ್ರಿ, ನೀವೇನು?"

ಯಾರೂ ನಗಲಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಧಣಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರ ಕೈ ಮೇಲೆ ಹೋಯಿತು. ಹೊಡೆಯುತ್ತಾರೆ ಅಂದುಕೊಂಡೆ.

ಮಗಳು ಬೆಲ್ಟ್ ಬಿಚ್ಚಿ ಇಳಿದು ಬಂದಳು. ಮೂರನೆಯ ಲಾಕನ್ನು ತಾನೇ ಉಗುರಿನಿಂದ ಎತ್ತಿ ನೋಡಿದಳು. ಬೆರಳಿಗೆ ಕುಂಕುಮ ಹತ್ತಿತು.

"ಅಪ್ಪಾ, ಕುಂದ್ರಾಕಿ ನಾನು," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣಾ, ಎಲ್ಲಾ ಬಿಚ್ಚು. ಮೊದಲಿಂದ ಹಾಕೂಣು."

ಬಿಚ್ಚಿದೆ. ಸ್ಪ್ರಿಂಗಿನ ಬಾಯಲ್ಲೂ ಕುಂಕುಮ ಇಳಿದಿತ್ತು. ಬ್ರಶ್ ಹಾಕಿ ತೆಗೆದು ಒಂದೊಂದನ್ನೂ ಒತ್ತಿ ತಿರುಗಿಸಿದೆ. ಪ್ರತಿಯೊಂದರ ಮೇಲೂ ಅವಳು ಹೆಬ್ಬೆರಳು ಇಟ್ಟು ನೋಡಿದಳು. ಅಷ್ಟರಲ್ಲಿ ಹತ್ತೂವರೆ ದಾಟಿತ್ತು. ಧಣಿ ಮೈಕ್ ಹಿಡಿದು, "ಅಯ್ನೋರು ಮುಹೂರ್ತ ಸಂಜಿಗೆ ಹಾಕ್ಯಾರ, ಎಲ್ರೂ ಊಟಕ್ಕ ನಡೀರಿ," ಅಂದರು. ಅಯ್ನೋರು ಪಕ್ಕದಲ್ಲೇ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿದ್ದರು. ಬೈದದ್ದಕ್ಕಿಂತ ಆ ಸುಳ್ಳು ನನ್ನನ್ನು ಹೆಚ್ಚು ಉರಿಸಿತು. ಲಾಕ್ ಬಿದ್ದಿರಲಿಲ್ಲ ಅನ್ನುವ ಒಂದು ಮಾತು ಧಣಿಯ ಬಾಯಿಂದ ಬರಲಿಲ್ಲ.

ಸಂಜೆ ನಾಲ್ಕಕ್ಕೆ ಅವಳು ಏರಿದಳು. ಗುಡ್ಡದ ಮೇಲೆ ಎರಡು ಸುತ್ತು ಹಾಕಿ ಇಳಿದಳು. ಎಲ್ಲರೂ ಮೇಲೆ ನೋಡಿ ಚಪ್ಪಾಳೆ ಹೊಡೆದರು. ನಾನು ಅವಳು ಇಳಿದ ಮೇಲೆ ಗೆರೆಗಳನ್ನು ನೋಡಿದೆ. ಇಪ್ಪತ್ತೆರಡೂ ನೇರ.

ಈ ವರ್ಷದ ಪೂಜೆಗೆ ನಾನು ಊಟಕ್ಕೆ ಹೋಗಲಿಲ್ಲ. ವಿಮಾನದ ಪಕ್ಕದಲ್ಲೇ ನಿಂತೆ. ಅಜ್ಜಿ ತಟ್ಟೆ ಹಿಡಿದು ಬಂದು, "ಎಲ್ಲಿ ಇಡ್ಲೋ ತಮ್ಮಾ?" ಅಂತ ಕೇಳಿದರು. ಚಕ್ರ ತೋರಿಸಿದೆ. ಬಗ್ಗಿ ಅಲ್ಲೇ ಇಟ್ಟರು. ಧಣಿ ದೂರದಲ್ಲಿ ಫೋನ್ ನೋಡುತ್ತ ನಿಂತಿದ್ದರು, ಈ ಕಡೆ ತಿರುಗಲಿಲ್ಲ. ನಾನೂ ಕರೆಯಲಿಲ್ಲ.